ಅಪ್‌ಡೇಟ್: ಗಾಳ ಹಾಕಲು ಮಿಲಿಟರಿ ಬಣ್ಣದ ಬಟ್ಟೆ ಬೇಕಾ?

ಮೀನು ಹಿಡಿಯಲು ಕ್ಯಾಮೊಫ್ಲಾಜ್ ಬಟ್ಟೆ ತಗೊಳ್ಳಲಾ ಅಂತ ಹೋದ ವಾರ ಕೇಳಿದ್ದೆ. ಕೊನೆಗೆ ತಗೊಳ್ಳಲಿಲ್ಲ.

"ಬಟ್ಟೆ ಬಿಡಿ, ತಗ್ಗಿ ಕೂತ್ಕೊಳ್ಳಿ" ಅಂದವರಿಗೆ ಥ್ಯಾಂಕ್ಸ್, ಅದೇ ಕೆಲಸ ಮಾಡಿತು. ಮೀನಿಗೆ ನೀರಿನ ಹೊರಗಿನದೆಲ್ಲ ಕಾಣುವುದು ತಲೆ ಮೇಲಿನ ಸುಮಾರು 97 ಡಿಗ್ರಿಯ ದುಂಡು ಕಿಂಡಿಯಲ್ಲಿ. ದಡದ ಅಂಚಿನಲ್ಲಿ ನೆಟ್ಟಗೆ ನಿಂತರೆ ನಾವು ಅದರೊಳಗೆ ಎದ್ದು ಕಾಣುತ್ತೇವೆ. ಹಿಂದೆ ಸರಿದು ಕುಕ್ಕರಗಾಲಲ್ಲಿ ಕೂತರೆ ಕಿಂಡಿಯ ಅಂಚಿಗೆ ಕುಗ್ಗಿಬಿಡುತ್ತೇವೆ. ಹಳೇ ಬೂದು ಅಂಗಿಯಲ್ಲೇ ಕೆರೆಯ ಜೊಂಡಿನ ಪಕ್ಕ ಹಾಗೆ ಕೂತೆ, ನೆರಳು ನೀರಿಗೆ ಬೀಳದ ಹಾಗೆ. ಜಿಲೇಬಿ ಮೀನು ದಡದ ಹತ್ತಿರಕ್ಕೇ ಬಂತು. ಬೆಂಡು ಸಣ್ಣಗೆ ನಡುಗಿ, ಸರ್ರನೆ ಮುಳುಗಿತು!

ಕಡು ಹಸಿರು ಟೀ ಶರ್ಟ್ ಸಲಹೆಯಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಬೆಳಗಿನ ಆಕಾಶದ ಎದುರು ಯಾವ ಬಣ್ಣವಾದರೂ ಕಪ್ಪಗೇ ಕಾಣುತ್ತದೆ, ಅಲ್ವಾ? ದಡದಲ್ಲಿ ಧಪಧಪ ನಡೆದರಂತೂ ಮುಗೀತು. ಮೈಯ ಪಕ್ಕದ ಗೆರೆಯಿಂದಲೇ ಮೀನಿಗೆ ಅದರುವುದು ಗೊತ್ತಾಗುತ್ತದೆ.

ಇನ್ನೊಂದು ವಿಷಯ: ಸೈನಿಕ ಅಂತ ನಂಬಿಸಲು ಸೇನೆಯ ಸಮವಸ್ತ್ರದಂಥ ಬಟ್ಟೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ಗಾಳ ಹಿಡಿದವನನ್ನು ಯಾರು ಯೋಧ ಅಂದುಕೊಳ್ಳುತ್ತಾರೋ, ಅದು ಬೇರೆ ಮಾತು!

ಬಟ್ಟೆಗೆ ಅಂತ ಇಟ್ಟಿದ್ದ ದುಡ್ಡಿಗೆ ಪೋಲರೈಸ್ಡ್ ಕನ್ನಡಕ ತಗೊಂಡೆ. ನೀರಿನ ಮೇಲಿನ ಹೊಳಪು ತಗ್ಗಿ ಒಳಗಿನ ಮೀನೇ ಕಾಣುತ್ತದೆ.