ಪಾಯ ಅಗೆಯುವಾಗ ಸಿಕ್ಕ ಮೂಳೆ ಸಾವಿರಾರು ವರ್ಷದ್ದು ಅಂತ ಹೇಗೆ ಗೊತ್ತಾಗುತ್ತೆ?

ಕುತೂಹಲಿ: ಶಿಲಾಯುಗದ ಸಮಾಧಿಗಳ ಬಗ್ಗೆ ಓದ್ತಾ ಇದ್ದೆ, ನೋಡಿದ್ರೆ ಎಷ್ಟೋ ಫೇಮಸ್ ಜಾಗಗಳು ರಿಸರ್ಚ್ ಮಾಡೋರು ಹುಡುಕಿದ್ದೇ ಅಲ್ಲ, ರಸ್ತೆ, ಕೇಬಲ್, ಲೇಔಟ್ ಅಂತ ಯಾರೋ ನೆಲ ಅಗೆಯೋವಾಗ ಸಿಕ್ಕಿದ್ದು. ಮೂಳೆ ಸಿಕ್ಕಾಗ ಇದು ಕೊಲೆ ಕೇಸಲ್ಲ, ಹಳೇದು ಅಂತ ಹೇಗೆ ಹೇಳ್ತಾರೆ? ಅಷ್ಟು ವರ್ಷ ಮಣ್ಣಲ್ಲಿ ಕರಗಲ್ವಾ?

ಮಣ್ಣುಹುಳ: ಬಹಳ ಕಡೆ ಮೊದಲು ಬರೋದೇ ಪೊಲೀಸ್ರು. ಫ್ಲೋರಿಡಾದ ವಿಂಡೋವರ್‌ನಲ್ಲಿ 1982ರಲ್ಲಿ ಹೊಸ ಲೇಔಟಿಗೆ ರಸ್ತೆ ಮಾಡೋಕೆ ಅಂತ ಒಂದು ಕೊಳದ ಕೆಸರು ಎತ್ತುತಾ ಇದ್ರು, ಮಷೀನ್ ಆಪರೇಟರ್‌ಗೆ ತಲೆಬುರುಡೆ ಕಂಡು ಕೆಲಸ ನಿಲ್ಸಿದ, ಕಾರ್ಬನ್ ಡೇಟಿಂಗ್ (ಮೂಳೆಯಲ್ಲಿ ಉಳಿದಿರೋ ವಿಕಿರಣಶೀಲ ಕಾರ್ಬನ್ ಅಳೆದು ವಯಸ್ಸು ಲೆಕ್ಕ ಹಾಕೋ ಲ್ಯಾಬ್ ಟೆಸ್ಟ್) ಮಾಡಿಸಿದ್ರೆ 7000 ವರ್ಷಕ್ಕಿಂತ ಹಳೇದು! ಆಮೇಲೆ ಅಗೆದಾಗ ಸಿಕ್ಕಿದ್ದು 168 ಜನ, ಎಷ್ಟೋ ಬುರುಡೆ ಒಳಗೆ ಮೆದುಳಿನ ಅಂಶ ಕೂಡ ಉಳ್ಕೊಂಡಿತ್ತು. ಕಾರಣ ಆ ಕೊಳದ ಕೆಸರು. ಅದ್ರಲ್ಲಿ ಆಕ್ಸಿಜನ್ ಇಲ್ಲ, ಆಸಿಡ್ ಅಂಶನೂ ಹೆಚ್ಚಿಲ್ಲ. ಆಸಿಡ್ ಜಾಸ್ತಿ ಇರೋ ಮಣ್ಣಲ್ಲಿ ಮೂಳೆ ಪೂರ್ತಿ ಕರಗಿಹೋಗುತ್ತೆ, ಗುಂಡಿ ಮಾತ್ರ ಉಳಿಯುತ್ತೆ.

ಡೇಟಿಂಗ್‌ಗೆ ಮುಂಚೆನೇ ಸುಳಿವು ಇರುತ್ವೆ. ಮಂಡಿ ಮಡಚಿ ಪಕ್ಕಕ್ಕೆ ಮಲಗಿಸಿರೋದು, ಮೇಲೆ ಕೆಮ್ಮಣ್ಣಿನ ಪುಡಿ, ಪಕ್ಕದಲ್ಲಿ ಕಲ್ಲಿನ ಹತಾರ, ಒರಟು ಊಟಕ್ಕೆ ಸವೆದುಹೋದ ಹಲ್ಲು, ಇಂಥದ್ದು. ಆದ್ರೆ ಇವೆಲ್ಲ ಬರೀ ಅಂದಾಜು, ವಯಸ್ಸು ಹೇಳೋದು ಲ್ಯಾಬೇ.

ಗುದ್ದಲಿ ಗುರು: ನಂದೊಂದು ತಕರಾರಿದೆ. ಬಲ್ಗೇರಿಯಾದ ವರ್ನಾದಲ್ಲಿ 1972ರಲ್ಲಿ ಕೇಬಲ್ ಹಾಕೋ ಕಾಲುವೆ ತೋಡುವಾಗ ಸುಮಾರು 6500 ವರ್ಷ ಹಳೇ ಸ್ಮಶಾನ ಸಿಕ್ತು, ಕೆಲವು ಗೋರಿಗಳಲ್ಲಿ ರಾಶಿ ಚಿನ್ನ. ಚಿನ್ನ ಆದ್ರಿಂದ ಆಪರೇಟರ್ ಕಣ್ಣಿಗೆ ಬಿತ್ತು ಬಿಡಿ, ಬರೀ ಮೂಳೆ, ಮಡಕೆ ಚೂರು ಆಗಿದ್ರೆ? ಟಿಪ್ಪರಲ್ಲಿ ತುಂಬ್ಕೊಂಡು ಹೋಗಿ ಎಲ್ಲೋ ಸುರೀತಿದ್ರು ಅನ್ಸುತ್ತೆ. ಹಾಗೆ ಹೋಗಿರೋದು ಎಷ್ಟೋ, ಲೆಕ್ಕ ಇಟ್ಟೋರು ಯಾರು.

ಕುತೂಹಲಿ: ಅದು ನಿಜ ಗುರುಗಳೇ. ಹಾಗಾದ್ರೆ ಕಟ್ಟೋಕೆ ಮುಂಚೆನೇ ಚೆಕ್ ಮಾಡೋ ಪದ್ಧತಿ ಇಲ್ವಾ?

ಹಳೆಹಾದಿ: ಕೆಲವು ದೇಶದಲ್ಲಿ ಇದೆ. ಇಂಗ್ಲೆಂಡಲ್ಲಿ 1990ರಿಂದ ಪರ್ಮಿಷನ್ ಹಂತದಲ್ಲೇ ಇದನ್ನ ನೋಡ್ತಾರೆ, ಖರ್ಚು ಸಾಮಾನ್ಯವಾಗಿ ಕಟ್ಟೋರ ತಲೆಗೇ. ಸ್ಟೋನ್‌ಹೆಂಜ್ ಹತ್ರ ಏಮ್ಸ್‌ಬರಿಯಲ್ಲಿ 2002ರಲ್ಲಿ ಕಟ್ಟಡ ಏಳೋಕೆ ಮುಂಚೆ ಹೀಗೇ ಅಗೆದಾಗ ಸುಮಾರು 4300 ವರ್ಷ ಹಿಂದಿನ ಒಬ್ಬ ಬಿಲ್ಲುಗಾರ ಸಿಕ್ಕ, ಪಕ್ಕದಲ್ಲಿ ಬಾಣದ ಮೊನೆಗಳು, ಮಡಕೆ, ಪುಟ್ಟ ಚಿನ್ನದ ಒಡವೆ ಎಲ್ಲ ಇತ್ತು. ಮಜಾ ಏನಂದ್ರೆ ಹಲ್ಲಿನ ಎನಾಮೆಲ್ ಟೆಸ್ಟ್ ಮಾಡಿದ್ರೆ ಅವನು ಬೆಳೆದಿದ್ದು ಆಲ್ಪ್ಸ್ ಕಡೆ! ಚಿಕ್ಕವರಿದ್ದಾಗ ಕುಡಿದ ನೀರಿನ ಗುರುತು ಎನಾಮೆಲಲ್ಲಿ ಹಾಗೇ ಉಳ್ಕೊಂಡಿರುತ್ತೆ.

ಅದಕ್ಕೇ ಯಾರಿಗಾದ್ರೂ ಹೀಗೆ ಸಿಕ್ರೆ ದಯವಿಟ್ಟು ಎತ್ತಿ ತೊಳೆದು ಫೋಟೋ ಹಾಕ್ಬೇಡಿ, ಹೆಂಗಿದೆಯೋ ಹಂಗೇ ಬಿಟ್ಟು ಪೊಲೀಸ್‌ಗೆ ಫೋನ್ ಮಾಡಿ. ಕೈಯಲ್ಲಿ ಮುಟ್ಟಿದ್ರೆ ನಮ್ಮ ಡಿಎನ್ಎ ಸೇರ್ಕೊಳುತ್ತೆ, ಯಾವ ಭಂಗೀಲಿ ಮಲಗಿಸಿದ್ರು ಅನ್ನೋ ಮಾಹಿತಿನೂ ಹೋಗುತ್ತೆ.