ಪದ ಬೇಕು (ತುರ್ತು): ಮರಳಲ್ಲಿ ಹೂತ ಗಾಡಿಯನ್ನು ಎಳೆಯುವ ಕೊಂಡಿಗೆ ಏನನ್ನಬೇಕು?

ಶಾರ್ಜಾದಿಂದ:

ಎಲ್ಲರಿಗೂ ನಮಸ್ಕಾರ. ಗಾಡಿಗೆ ಅಂಟಿಸುವ ಸ್ಟಿಕ್ಕರ್ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಚಳಿಗಾಲ ಬಂತೆಂದರೆ ಇಲ್ಲಿನ ಕನ್ನಡದ ಗೆಳೆಯರು ಲಿವಾ ಕಡೆಗೆ, ರುಬ್ ಅಲ್ ಖಾಲಿ ಮರಳುಗಾಡಿನ ಅಂಚಿಗೆ ಗಾಡಿ ತಗೊಂಡು ಹೋಗುತ್ತೇವೆ. ನಿಸಾನ್ ಪ್ಯಾಟ್ರೋಲ್, ಟೊಯೊಟಾ ಲ್ಯಾಂಡ್ ಕ್ರೂಸರ್‌ಗಳೇ ಜಾಸ್ತಿ. ಗಾಡಿ ಹೂತಾಗ ಓಡಿಸುವವರು ಸ್ಟೇರಿಂಗ್ ಬಿಡುವಂತಿಲ್ಲ. ಇಳಿದು ಹಗ್ಗ ಸಿಕ್ಕಿಸುವುದು ಪಕ್ಕದಲ್ಲಿ ಕೂತವರ ಕೆಲಸ. ಎಷ್ಟೋ ಸಲ ಅದು ಊರಿಂದ ಬಂದ ಅಪ್ಪನೋ ಭಾವನೋ ಆಗಿರುತ್ತಾರೆ. ಅವರಿಗೆ ಈ ಇಂಗ್ಲಿಷ್ ಹೆಸರುಗಳು ಗೊತ್ತಿರುವುದಿಲ್ಲ. ಅದಕ್ಕೇ ಕನ್ನಡ ಬೇಕು.

ಮುಖ್ಯವಾದದ್ದು ರಿಕವರಿ ಪಾಯಿಂಟ್. ಇದು ಷಾಸಿಗೆ ನೇರವಾಗಿ ಬೋಲ್ಟ್ ಹಾಕಿ ಕೂರಿಸಿದ ದಪ್ಪ ಉಕ್ಕಿನ ಬಳೆ. ಹಗ್ಗ ಇದಕ್ಕೆ ಮಾತ್ರ ಹಾಕಬೇಕು. ಹಿಂದೆ ಟ್ರೈಲರ್ ಸಿಕ್ಕಿಸುವ ಗುಂಡು ಇರುತ್ತದಲ್ಲ, ಅದಕ್ಕೆ ಹಾಕಿ ಎಳೆದರೆ ಗುಂಡು ಮುರಿದು ಹಾರಬಹುದು. ಹಾಗೆ ಬಡಿದು ಜನ ಸತ್ತಿದ್ದಾರೆ. ಗಾಡಿಯನ್ನು ಹಡಗಿನಲ್ಲಿ ಸಾಗಿಸುವಾಗ ಕಟ್ಟಿಹಾಕಲು ಕೆಳಗೆ ತೆಳ್ಳನೆಯ ಕಿವಿಗಳಿರುತ್ತವೆ. ಅವೂ ತಡೆಯುವುದಿಲ್ಲ. ಈ ಮೂರೂ ಬೇರೆ ಬೇರೆ ಅಂತ ಓದಿದ ಕೂಡಲೇ ಗೊತ್ತಾಗಬೇಕು.

ಆಮೇಲೆ ಹಗ್ಗದಲ್ಲೇ ಎರಡು ಬಗೆ. ಒಂದು ನೈಲಾನಿನದು. ಎಳೆದಾಗ ತನ್ನ ಉದ್ದದ ಐದನೇ ಒಂದು ಭಾಗದಷ್ಟು ಉದ್ದವಾಗಿ, ಮತ್ತೆ ಕುಗ್ಗುವಾಗ ಹೂತ ಗಾಡಿಯನ್ನು ಕಿತ್ತು ತರುತ್ತದೆ. ಇನ್ನೊಂದು ಕೆಟ್ಟುನಿಂತ ಗಾಡಿಯನ್ನು ರಸ್ತೆಯಲ್ಲಿ ಎಳೆಯುವ ಪಟ್ಟಿ. ಅದು ಅಷ್ಟು ಉದ್ದವಾಗುವುದಿಲ್ಲ. ನೋಡಲು ಎರಡೂ ಒಂದೇ ಥರ.

ಇನ್ನು ಟೈರಿನ ಗಾಳಿ ಕಡಿಮೆ ಮಾಡುವುದು, ಚಕ್ರದಡಿ ಇಡುವ ಹಲ್ಲುಹಲ್ಲಾದ ಪ್ಲಾಸ್ಟಿಕ್ ಹಲಗೆ, ಆ ಉಕ್ಕಿನ ಬಳೆಗೂ ಹಗ್ಗಕ್ಕೂ ನಡುವಿನ ಡಿ ಆಕಾರದ ಶ್ಯಾಕಲ್. ಕೊನೆಗೆ ಸಬ್ಖಾ. ಮೇಲೆ ಒಣಗಿದ ಉಪ್ಪಿನ ಹೆಪ್ಪಳಿಕೆ, ಕೆಳಗೆ ಹಸಿ ಕೆಸರು ಇರುವ ಬಯಲು. ಅಲ್ಲಿ ಗಾಡಿ ಆಕ್ಸೆಲ್‌ವರೆಗೆ ಇಳಿದುಬಿಡುತ್ತದೆ.

ಮೈಸೂರಿನಿಂದ:

ರಿಕವರಿ ಪಾಯಿಂಟಿಗೆ 'ಉದ್ಧರಣ ಬಿಂದು'. ಹಗ್ಗಕ್ಕೆ 'ಸ್ಥಿತಿಸ್ಥಾಪಕ ರಜ್ಜು'. ಅರ್ಥ ಕರಾರುವಾಕ್ಕಾಗಿದೆ. ಮರಳು ಎಂಬುದೇ 'ಮರು'ವಿನಿಂದ ಬಂದದ್ದು ಎಂಬುದನ್ನೂ ಗಮನಿಸಿ. ಮರುಭೂಮಿಯ ಮಾತಿಗೆ ಸಂಸ್ಕೃತ ಸಹಜವಾಗಿ ಒಗ್ಗುತ್ತದೆ.

ಧಾರವಾಡದಿಂದ:

ಬೇಡ. ಉದ್ಧರಣೆ ಅಂದರೆ ಪಂಚಪಾತ್ರೆಯಲ್ಲಿರುವ ತೀರ್ಥದ ಚಮಚ. ಊರಿಂದ ಬಂದ ಅಪ್ಪ ಅದನ್ನೇ ನೆನೆಯುತ್ತಾರೆ.

ಸಬ್ಖಾಕ್ಕೆ ನಮ್ಮಲ್ಲಿ ಪದ ಇದೆ. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಕಾಲುವೆಗಳ ಸೀಮೆಯಲ್ಲಿ ನೀರು ಹೆಚ್ಚಾಗಿ ಕೆಟ್ಟ ಹೊಲಕ್ಕೆ 'ಸವಳು-ಜವಳು' ಅನ್ನುತ್ತಾರೆ. ಸವಳು ಅಂದರೆ ಉಪ್ಪು ಕಾರಿದ ನೆಲ. ಜವಳು ಅಂದರೆ ನೀರು ನಿಂತು ಕೊಳೆತ ನೆಲ. ನೀವು ಹೇಳಿದ್ದರಲ್ಲಿ ಮೇಲೆ ಸವಳು, ಕೆಳಗೆ ಜವಳು ಎರಡೂ ಇವೆ. ಬಾಗಲಕೋಟೆ ಕಡೆಯ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್ ಅಲ್ಲಿ ಹೇಗೆ ಕುಸಿಯುತ್ತದೆಂದು ಅವನೇ ನೋಡಿದ್ದಾನೆ.

ಹಗ್ಗಕ್ಕೆ 'ಜಗ್ಗುಹಗ್ಗ'.

ತುಮಕೂರಿನಿಂದ:

ಧಾರವಾಡದವರೇ, ಜಗ್ಗು ಬೇಡ. ನಿಮ್ಮಲ್ಲಿ ಜಗ್ಗು ಅಂದರೆ ಎಳೆ. ನಮ್ಮಲ್ಲಿ ಭಾರಕ್ಕೆ ಬಾಗಿ ಇಳಿಯುವುದಕ್ಕೂ ಜಗ್ಗುವುದು ಅಂತೀವಿ. ಎರಡು ಬಗೆಯ ಹಗ್ಗ ಬೇರೆ ಮಾಡಿ ತೋರಿಸಲಿಕ್ಕೆ ಹೊರಟಿರುವಾಗ ಎರಡು ಅರ್ಥದ ಪದ ಯಾಕೆ? 'ಹಿಗ್ಗುವ ಹಗ್ಗ', 'ಹಿಗ್ಗದ ಪಟ್ಟಿ'. ಎಲ್ಲ ಸೀಮೆಗೂ ಒಂದೇ ಅರ್ಥ.

ಕೊಂಡಿಗೆ 'ಎಳೆಗೊಂಡಿ'. ಶ್ಯಾಕಲ್‌ಗೆ 'ಲಾಳಗೊಂಡಿ', ಆಕಾರ ಹಾಗೇ ಇದೆ. ಇವು ಅಪ್ಪಟ ಕನ್ನಡ. ಎತ್ತಿನ ಗಾಡಿ ಹೂಡಿದವರ ಬಾಯಲ್ಲಿ ಮಿಣಿ, ಕಣ್ಣಿ, ಕೀಲು, ನೊಗ ಎಲ್ಲ ಇದ್ದವು. ಹೂತ ಗಾಡಿ ಎತ್ತುವುದು ನಮಗೆ ಹೊಸದಲ್ಲ. ಅರಬ್ಬಿ, ಇಂಗ್ಲಿಷ್, ಸಂಸ್ಕೃತ ಯಾವುದೂ ಬೇಕಿಲ್ಲ. ಆ ಸಬ್ಖಾವನ್ನು ಬರೆಯಲೇಬೇಕಾದರೆ 'ಸಬ್ಕಾ' ಅಂತ ಬರೆಯಿರಿ. ನಮ್ಮ ಬಾಯಲ್ಲಿ ಇಲ್ಲದ ಮಹಾಪ್ರಾಣ ಬರಹದಲ್ಲಿ ಯಾಕೆ?

ಮಂಗಳೂರಿನಿಂದ:

ಮೈಸೂರಿನ ಸರ್, 'ಮರು'ವಿಗೂ 'ಮರಳು' ಪದಕ್ಕೂ ಸಂಬಂಧ ಇಲ್ಲ. ಹಳಗನ್ನಡದ ರೂಪ 'ಮೞಲ್'. ತಮಿಳು, ಮಲಯಾಳಗಳಲ್ಲಿ 'ಮಣಲ್'. ೞಕಾರ ಬಿದ್ದುಹೋದ ಮೇಲೆ ಮಳಲ್ ಆಯಿತು, ಮುಂದೆ ಮರಳು ಆಯಿತು. ಇದು ಇತ್ಯರ್ಥವಾದ ವಿಷಯ. ಪದೇ ಪದೇ ಎತ್ತಬೇಡಿ.

ನಮ್ಮ ಕಡೆ ಅದು ಹೊಯಿಗೆ. ಮಂಗಳೂರಿನ ಹೊಯ್ಗೆಬಜಾರ್ ಕೇಳಿರಬಹುದು. ತುಳುವಿನಲ್ಲಿ ಪೊಯ್ಯೆ. ಧಾರವಾಡದಲ್ಲಿ ಉಸುಕು, ತೆಲುಗಿನ ಇಸುಕ ಅದರ ನೆಂಟ. ಆದರೆ ಸ್ಟಿಕ್ಕರ್‌ಗೆ ಮರಳೇ ಇರಲಿ. ಅದು ಎಲ್ಲರಿಗೂ ಗೊತ್ತು.

ಬೆಂಗಳೂರಿನಿಂದ:

ತುಮಕೂರಿನವರು ಅಪ್ಪಟ ಕನ್ನಡ ಅಂದ 'ಲಾಳ' ನಮ್ಮದಲ್ಲ. ಹಿಂದೂಸ್ತಾನಿಯ ನಾಲ್‌ನಿಂದ ಬಂದದ್ದು. ಅದರ ಹಿಂದೆ ಅರಬ್ಬಿಯ 'ನಅಲ್' ಇದೆ. ಅಲ್ಲಿ ಅದು ಚಪ್ಪಲಿಗೂ ಹೌದು, ಕುದುರೆಯ ಲಾಳಕ್ಕೂ ಹೌದು. ಅದರಿಂದ ಲಾಳಗೊಂಡಿ ಕೆಟ್ಟ ಪದ ಆಗುವುದಿಲ್ಲ. ತುಂಬ ಒಳ್ಳೆಯ ಪದ, ಇಟ್ಟುಕೊಳ್ಳಿ. ಎರವಲು ಬೇಡ ಅನ್ನುವ ವಾದ ಮಾತ್ರ ನಿಲ್ಲುವುದಿಲ್ಲ.

ರುಬ್ ಅಲ್ ಖಾಲಿಯನ್ನೇ ನೋಡಿ. ರುಬ್ ಅಂದರೆ ಕಾಲುಭಾಗ. ಖಾಲಿ ಅಂದರೆ ನಮ್ಮ ಖಾಲಿಯೇ. ಡಬ್ಬಿ ಖಾಲಿ, ಜೇಬು ಖಾಲಿ ಅಂತ ದಿನಾ ಅನ್ನುವ ಪದ ಸುಮಾರು 6.5 ಲಕ್ಷ ಚದರ ಕಿಲೋಮೀಟರ್ ಮರಳುಗಾಡಿನ ಹೆಸರಲ್ಲಿ ಕೂತಿದೆ. ಸಬ್ಖಾದ ಆ ಖ ಮಹಾಪ್ರಾಣವೇ ಅಲ್ಲ. ಗಂಟಲಿನಿಂದ ಉಜ್ಜಿ ಬರುವ ಬೇರೆ ಉಲಿ. ಹಾಗಾಗಿ ಮಹಾಪ್ರಾಣದ ಜಗಳ ಇಲ್ಲಿಗೆ ಸೇರುವುದಿಲ್ಲ.

'ಎಳೆಗೊಂಡಿ' ನನಗೆ ಒಪ್ಪಿಗೆ ಇಲ್ಲ. ಎಳೆ ಅಂದರೆ ಎಳಸು, ದಾರದ ಎಳೆ. ಓದುವವರು ತಡವರಿಸುತ್ತಾರೆ. ಬಿಸಿಲಲ್ಲಿ, ಗಾಬರಿಯಲ್ಲಿ, ಮೊಣಕಾಲೂರಿ ಹಗ್ಗ ಹಿಡಿದವರಿಗೆ ಹೊಸ ಪದ ಬಿಡಿಸುವ ಹೊತ್ತಿರುವುದಿಲ್ಲ. ಕೊಂಡಿಗೆ ಕೆಂಪು ಬಣ್ಣ ಹಚ್ಚಿ 'ಹಗ್ಗ ಈ ಕೆಂಪು ಕೊಂಡಿಗೆ ಮಾತ್ರ' ಅಂತ ಬರೆಯಿರಿ. ಟ್ರೈಲರ್ ಗುಂಡಿನ ಹತ್ತಿರ 'ಗುಂಡಿಗೆ ಹಗ್ಗ ಹಾಕಬೇಡಿ' ಅಂತ ಬರೆದೀರಿ, ಜೋಕೆ. ಗುಂಡಿಗೆ ಅಂದರೆ ಹಳ್ಳವೂ ಆಗುತ್ತದೆ, ಎದೆಯೂ ಆಗುತ್ತದೆ. 'ಇಲ್ಲಿ ಹಗ್ಗ ಹಾಕಬೇಡಿ. ಮುರಿದು ಹಾರುತ್ತದೆ.' ಇಷ್ಟು ಸಾಕು.

ಮೈಸೂರಿನಿಂದ:

2008ರಲ್ಲಿ ಶಾಸ್ತ್ರೀಯ ಸ್ಥಾನ ಸಿಕ್ಕ ಭಾಷೆ ಬಣ್ಣ ಹಚ್ಚಿ ಕೈತೋರಿಸಬೇಕೇ? ಪದ ಕಟ್ಟದೆ ಹೀಗೆ ತಪ್ಪಿಸಿಕೊಂಡರೆ ನಾಳೆ ಕನ್ನಡದಲ್ಲಿ ಒಂದು ಯಂತ್ರದ ಕೈಪಿಡಿಯನ್ನೂ ಬರೆಯಲಾಗುವುದಿಲ್ಲ. ಮತ್ತೆ, ಹಲಗೆ ಅಂದರೆ ಮರದ್ದು. ಪ್ಲಾಸ್ಟಿಕ್ಕಿನದಕ್ಕೆ ಹಲಗೆ ಹೇಗಾಯಿತು?

ಬೆಂಗಳೂರಿನಿಂದ:

ಕೈಪಿಡಿಗೆ ಪದ ಬೇಕು, ಒಪ್ಪುತ್ತೇನೆ. ಅಲ್ಲಿ ಓದುವವರಿಗೆ ಕೂತು ಕಲಿಯುವ ಸಮಯ ಇದೆ. ಸ್ಟಿಕ್ಕರ್‌ನಲ್ಲಿ ಇಲ್ಲ.

ಹಲಗೆಯ ಬಗ್ಗೆ: ಈ ಸಾಮಾನು ಮೊದಲು ಮರದ್ದೂ ಅಲ್ಲ, ಪ್ಲಾಸ್ಟಿಕ್ಕಿನದೂ ಅಲ್ಲ. 1920-30ರ ದಶಕಗಳಲ್ಲಿ ಬ್ರಿಟಿಷ್ ಸೇನೆಯ ರಾಲ್ಫ್ ಬ್ಯಾಗ್ನಾಲ್ಡ್ ಫೋರ್ಡ್ ಕಾರುಗಳಲ್ಲಿ ಈಜಿಪ್ಟ್-ಲಿಬಿಯಾದ ಮರಳು ದಾಟುವಾಗ ಚಕ್ರದ ಮುಂದೆ ಉಕ್ಕಿನ ಉದ್ದನೆಯ ತಗಡು ಇಡುತ್ತಿದ್ದರು. ವಸ್ತು ಬದಲಾಯಿತು, ಕೆಲಸ ಅದೇ. ಶಾಲೆಯ ಹುಡುಗರ ಕಲ್ಲಿನ ಸ್ಲೇಟಿಗೂ ಹಲಗೆ ಅನ್ನಲಿಲ್ಲವೇ? 'ಮರಳು ಹಲಗೆ' ಸರಿ.

ಶಾರ್ಜಾದಿಂದ:

ಎಲ್ಲರಿಗೂ ಧನ್ಯವಾದ. ಸವಳು-ಜವಳು ನೋಡಿ ಖುಷಿಯಾಯಿತು. ಆದರೆ ಇಲ್ಲಿ ನಕ್ಷೆಯಲ್ಲೂ ರೇಡಿಯೊದಲ್ಲೂ ಸಬ್ಖಾ ಅಂತಲೇ ಬರುತ್ತದೆ. ಮುಂದಿನ ಗಾಡಿಯವರು ಸಬ್ಖಾ ಅಂತ ಕೂಗಿದಾಗ ತಿಳಿಯದಿದ್ದರೆ ಕಷ್ಟ. ಎರಡನ್ನೂ ಅಕ್ಕಪಕ್ಕ ಹಾಕುತ್ತಿದ್ದೇನೆ.

ಪ್ರಿಂಟಿಗೆ ಹೋಗುತ್ತಿರುವುದು ಹೀಗೆ:

ಹಗ್ಗ ಈ ಕೆಂಪು ಕೊಂಡಿಗೆ ಮಾತ್ರ.
ಇಲ್ಲಿ ಹಗ್ಗ ಹಾಕಬೇಡಿ. ಮುರಿದು ಹಾರುತ್ತದೆ.
ಹಿಗ್ಗುವ ಹಗ್ಗ: ಹೂತ ಗಾಡಿಗೆ. ಹಿಗ್ಗದ ಪಟ್ಟಿ: ರಸ್ತೆಯಲ್ಲಿ ಎಳೆಯಲು.
ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿ 15 psiಗೆ ಇಳಿಸಿ. ಟಾರು ರಸ್ತೆಗೆ ಹತ್ತುವ ಮುಂಚೆ 35 psiಗೆ ತುಂಬಿ.
ಸಬ್ಖಾ, ಸವಳು-ಜವಳು ನೆಲ: ಬಿಳಿ ಹೆಪ್ಪಳಿಕೆ ಕಂಡರೆ ಇಳಿಯಬೇಡಿ.

ಗಾಳಿಗೆ 'ಬಿಡಿ' ಅಂತ ಹಾಕಲಿಲ್ಲ. ಪೂರ್ತಿ ಬಿಟ್ಟುಬಿಟ್ಟಾರು. ಕಡಿಮೆ ಮಾಡಿದರೆ ಟೈರು ನೆಲಕ್ಕೆ ಉದ್ದಕ್ಕೂ ಹರಡಿ ಮರಳ ಮೇಲೆ ತೇಲುತ್ತದೆ. ತೀರಾ ಕಡಿಮೆಯಾದರೆ ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಅದೇ ಗಾಳಿಯಲ್ಲಿ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ ಬಿಸಿಯಾಗಿ ಸಿಡಿಯುತ್ತದೆ. ಅದಕ್ಕೇ ಅಂಕಿ ಕೊಟ್ಟಿದ್ದೇನೆ. ಲಾಳಗೊಂಡಿ, ಮರಳು ಹಲಗೆ ಎರಡನ್ನೂ ಸಾಮಾನಿನ ಪೆಟ್ಟಿಗೆಯ ಮೇಲೆ ಚಿತ್ರದ ಜೊತೆ ಬರೆಸುತ್ತೇನೆ.

ತುಮಕೂರಿನಿಂದ:

ಲಾಳದ ಮೂಲ ಎಲ್ಲಿಯದೇ ಇರಲಿ, ನಾಲಿಗೆಗೆ ಒಗ್ಗಿದ ಮೇಲೆ ನಮ್ಮದು. ಸಬ್ಖಾ ಇನ್ನೂ ಒಗ್ಗಿಲ್ಲ. ನನ್ನ ತಕರಾರು ಹಾಗೇ ಇದೆ. ಬೇರೆ ಎಳೆಯಲ್ಲಿ ಬರೆಯುತ್ತೇನೆ.

ಧಾರವಾಡದಿಂದ:

ಇನ್ನೊಂದು ಸಾಲು ಸೇರಿಸಿ. 'ಹಗ್ಗ ಬಿಗಿಯಾಗುವಾಗ ಯಾರೂ ಹತ್ತಿರ ನಿಲ್ಲಬೇಡಿ.' ಹಿಗ್ಗಿದ ಹಗ್ಗ ಹರಿದರೆ ಹಿಂದಕ್ಕೆ ಬೀಸುತ್ತದೆ. ಎಷ್ಟು ದೂರ ಅಂತಲೂ ಬರೆಯಿರಿ.

ಶಾರ್ಜಾದಿಂದ:

ಸೇರಿಸಿದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ.