ಸಹಾಯ ಬೇಕು: ಫ್ಯಾಂಕೋನಿ ಅನೀಮಿಯಾ ಪರೀಕ್ಷೆ ಮಾಡಿಸಿದವರು ಇದ್ದೀರಾ?

ನಾವು ಸಿಂಧನೂರಿನವರು. ಅಕ್ಕನ ಮಗನಿಗೆ ಫ್ಯಾಂಕೋನಿ ಅನೀಮಿಯಾ (ಅಸ್ಥಿಮಜ್ಜೆಯಲ್ಲಿ ರಕ್ತಕಣ ತಯಾರಾಗುವುದು ಕುಂದುವ ಆನುವಂಶಿಕ ಕಾಯಿಲೆ) ಇರಬಹುದೆಂಬ ಶಂಕೆ. ಬಲಗೈ ಹೆಬ್ಬೆರಳು ಹುಟ್ಟಿನಿಂದಲೇ ಕಡ್ಡಿಯಂತಿದೆ. ಈಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆಯೂ ಇಳಿಯುತ್ತಿದೆ. ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವ ಜೀನ್‌ಗಳಲ್ಲಿ ಒಂದು ಕೆಟ್ಟಿರುತ್ತದೆ, ಜೀವಕೋಶ ಇಬ್ಭಾಗವಾಗುವಾಗ ಕ್ರೋಮೋಸೋಮುಗಳು ಮುರಿಯುತ್ತವೆ, ಮುಂದೆ ರಕ್ತದ ಕ್ಯಾನ್ಸರ್ ಬರುವ ಅಪಾಯವೂ ಹೆಚ್ಚು ಎಂದರು ವೈದ್ಯರು. ಸಾಮಾನ್ಯವಾಗಿ ಆ ಜೀನಿನ ಕೆಟ್ಟ ಪ್ರತಿ ತಂದೆ, ತಾಯಿ ಇಬ್ಬರಿಂದಲೂ ಬಂದಿರಬೇಕಂತೆ. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದೇವೆ. ದಯವಿಟ್ಟು ಈಗ ಅದರ ಬಗ್ಗೆ ಬುದ್ಧಿ ಹೇಳಬೇಡಿ.

ಈ ಕಾಯಿಲೆ ಇದೆಯೇ ಎಂದು ತಿಳಿಯಲು ಮಾಡುವ ಕ್ರೋಮೋಸೋಮ್ ಬ್ರೇಕೇಜ್ ಪರೀಕ್ಷೆಗೆ ಜೀವಂತ ಕೋಶಗಳೇ ಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬು, ಫ್ರೀಜರಿನಲ್ಲಿ ಇಡುವಂತಿಲ್ಲ, ಬೇಗ ತಲುಪಬೇಕು. ರಾಯಚೂರಿನಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೀಗೆ ರಕ್ತ ಕಳುಹಿಸಿದವರು ಇದ್ದೀರಾ? ಈ ಬಿಸಿಲಿನಲ್ಲಿ ಕೆಡುವುದಿಲ್ಲವೇ? ಅಥವಾ ಹುಡುಗನನ್ನೇ ಕರೆದೊಯ್ಯುವುದು ಮೇಲೋ? ಮುಂದೆ ಅಸ್ಥಿಮಜ್ಜೆ ಕಸಿ ಮಾಡಬೇಕಾಗಿ ಬಂದು ಅವನ ತಂಗಿಯ ಅಸ್ಥಿಮಜ್ಜೆ ಹೊಂದಿಕೆಯಾದರೂ ಮೊದಲು ಅವಳಿಗೂ ಇದೇ ಪರೀಕ್ಷೆ ಆಗಬೇಕಂತೆ. ಖರ್ಚು ಎಷ್ಟಾಯಿತು ಎಂಬುದನ್ನೂ ತಿಳಿಸಿ.